ಸ್ಪೇನಿಗೆ ಹೊರಟ ಮಾಣಿಕಮ್ಮ

ಹುಡಗಿ ಎಂಬ ಊರಿನ ಪಂಡರಿ ಬೀದರ ಸೀಮೆಯನ್ನೆಲ್ಲ ತಿರುಗಿದವನು. ಆದರೆ ತಿರುಗಿದ್ದೆಲ್ಲ ಕುರಿಯ ಹಿಂದೆ. ಹೀಗಾಗಿ ಯಾವ ಊರಿನ ಹೆಸರು ಹೇಳಿದರೂ ಅವನಿಗೆ ಅಲ್ಲಿಯ ಗುಡಿ, ಗೋಪುರ ನೆನಪಾಗುತ್ತಿರಲಿಲ್ಲ. ಮೇವು ಎಲ್ಲಿ ಸಿಗುತ್ತದೆ, ನಾಯಿ ಎಲ್ಲಿ ಕಚ್ಚುತ್ತದೆ ಎಂಬುದು ನೆನಪಾಗುತ್ತಿತ್ತು. ಒಳ್ಳೆಯ ಮನುಷ್ಯ. ಆದರೆ ಅವನ ಕಿವಿಗೂ ಬಾಯಿಗೂ ನಡುವೆ ಎಲ್ಲೋ ಒಂದು ಅಡ್ಡದಾರಿ ಇತ್ತು. ಒಳಗೆ ಹೋದ ಮಾತು ಹೊರಗೆ ಬರುವಷ್ಟರಲ್ಲಿ ಬೇರೆ ಊರಿನ ಬಸ್ಸು ಹತ್ತಿರುತ್ತಿತ್ತು.

ಅವನ ಹೆಂಡತಿ ಮಾಣಿಕಮ್ಮ. ಮಾತು ಕಡಿಮೆ, ನಡಿಗೆ ಜೋರು. ಒಬ್ಬಳೇ ಮಗಳು ಉಮಾದೇವಿಯನ್ನು ಕೊಹಿನೂರಕ್ಕೆ ಮದುವೆ ಮಾಡಿ ಕಳಿಸಿದ ಮೇಲೆ ಆಕೆಗೆ ಇದ್ದ ಒಂದೇ ಚಟ ಎಂದರೆ ಫೋನಿನಲ್ಲಿ ವಿಡಿಯೋ ನೋಡುವುದು. ಒಂದು ದಿನ ಆಕೆ ಅಡುಗೆಮನೆಯಿಂದ ಓಡಿ ಬಂದು ಫೋನನ್ನು ಗಂಡನ ಮೂಗಿನ ಮುಂದೆ ಹಿಡಿದಳು.

"ಇಲ್ಲಿ ನೋಡ್ರಿ! ಏನ್ ದೊಡ್ಡ ಪ್ಯಾಟಿ ಅದ! ನಟ್ಟನಡು ರಸ್ತಾದಾಗ ಕುರಿ ಹೊಂಟಾವ. ಪೊಲೀಸರ ನಿಂತು ಕಾರು ಬಂದ್ ಮಾಡಿ ಕುರಿ ದಾಟ್ಸಾಕತ್ತಾರ. ಮಂದಿ ಚಪ್ಪಾಳಿ ಹೊಡ್ಯಾಕತ್ತಾರ!"

ಅದು ಸ್ಪೇನ್ ದೇಶ ಎಂದು ಕೆಳಗೆ ಬರೆದಿತ್ತು. ಹುಮನಾಬಾದಿನ ಹೆದ್ದಾರಿಯಲ್ಲಿ ಕುರಿ ದಾಟಿಸುವಾಗ ಲಾರಿಯವರಿಂದ ತಾಯಿ ಅಕ್ಕಂದಿರ ಸಮೇತ ಬೈಸಿಕೊಂಡಿದ್ದ ಪಂಡರಿ, "ಪುಣ್ಯವಂತ ಕುರಿ" ಎಂದು ಹೇಳಿ ಸುಮ್ಮನಾದ. ಮಾತು ಅಲ್ಲಿಗೇ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಆ ವಾರವೇ ಪಂಡರಿಯ ತಂಗಿ ಭುವನೇಶ್ವರಿಯ ಗಂಡ ಗೋವರ್ಧನ ಬಸವಕಲ್ಯಾಣದಲ್ಲಿ ಕಟ್ಟಿಸಿದ ಹೊಸ ಮನೆಯ ವಾಸ್ತುಶಾಂತಿ ಇತ್ತು. ಬಳಗವೆಲ್ಲ ಸೇರಿತ್ತು. ಗೋವರ್ಧನನಿಗೆ ಮನೆಗಿಂತ ಹೆಚ್ಚಾಗಿ ತೋರಿಸಬೇಕಾಗಿದ್ದುದು ಗೋಡೆಯ ಮೇಲಿನ ಫೋಟೋ. ಅದರಲ್ಲಿ ಅವನು ಕಪ್ಪು ಚಷ್ಮಾ ಹಾಕಿಕೊಂಡು ಕಠ್ಮಂಡುವಿನ ಗುಡಿಯೊಂದರ ಮುಂದೆ, ಗುಡಿಯನ್ನು ತಾನೇ ಕಟ್ಟಿಸಿದವನ ಹಾಗೆ ನಿಂತಿದ್ದ.

"ಫಾರಿನ್ ಅಂದ್ರ ಫಾರಿನ್ ರಿ," ಎಂದ ಗೋವರ್ಧನ, ಊಟದ ಪಂಕ್ತಿಯ ನಡುವೆ ಅಡ್ಡಾಡುತ್ತ. "ಅಲ್ಲಿ ಗಾಳಿ ಸುದ್ದಾ ಬ್ಯಾರೆ. ನಮ್ಮ ಭಾವ ಇದ್ದಾರ ನೋಡ್ರಿ, ಹುಮನಾಬಾದ ದಾಟಿದ್ರ ಸಾಕು, ಕುರಿ ನೆನಸಿ ಅಳ್ತಾರ!"

ಪಂಕ್ತಿ ಪಂಕ್ತಿಯೇ ನಕ್ಕಿತು. ಪಂಡರಿಯ ಬಾಯಲ್ಲಿ ಇಡೀ ಬುಂದಿ ಲಾಡು ಇತ್ತು. ಮನುಷ್ಯ ಲಾಡು ನುಂಗಿ ಮಾತಾಡಬೇಕು, ಇಲ್ಲವೆ ಮಾತು ನುಂಗಿ ಲಾಡು ತಿನ್ನಬೇಕು. ಪಂಡರಿ ಎರಡನ್ನೂ ಒಟ್ಟಿಗೆ ಮಾಡಿದ.

"ನಾವೂ ಹೊಂಟೀವಿ!"

"ಎಲ್ಲಿಗೆ? ಪಂಢರಪುರಕ್ಕ?"

"ಸ್ಪೇನಿಗೆ! ನಾನು, ನಿಮ್ಮ ವೈನಿ, ಇಬ್ರೂ!"

ಅದೇ ಹೊತ್ತಿಗೆ ಹೊರಗಿನ ಧ್ವನಿವರ್ಧಕ ಕಿರ್ರೆಂದಿತು. ಲಾಡಿನ ಒಳಗಿಂದ ಬಂದ ಮಾತು ಅರ್ಧ ಪಂಕ್ತಿಗೆ ಸ್ಪೇನ್ ಎಂದು ಕೇಳಿಸಿತು, ಇನ್ನರ್ಧಕ್ಕೆ ಸ್ಪೈನ್ ಎಂದು. ಸ್ಪೈನ್ ಎಂದರೆ ಬೆನ್ನುಹುರಿ, ಸ್ಪೈನ್ ಆಪರೇಷನ್ ಎಂದರೆ ಮನುಷ್ಯ ಮತ್ತೆ ಏಳುವುದಿಲ್ಲ ಎಂಬುದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಆ ಅರ್ಧ ಪಂಕ್ತಿ ಮಾಣಿಕಮ್ಮನ ಕಡೆ ನೋಡಿ ಲಾಡು ಕೆಳಗಿಟ್ಟಿತು.

ಇದಾವುದೂ ಪಂಡರಿಗೆ ಗೊತ್ತಾಗಲಿಲ್ಲ. ಮರಳಿ ಬರುವಾಗ ಬಸ್ಸಿನಲ್ಲಿ ಮಾಣಿಕಮ್ಮ ಬಹಳ ಹೊತ್ತು ಕಿಟಕಿಯ ಆಚೆ ನೋಡುತ್ತ ಕೂತಿದ್ದಳು. ಆಮೇಲೆ ಕೇಳಿದಳು:

"ಖರೇನ ಹೊಂಟೀವೇನ್ರಿ?"

ಮಜಾಕಿಗೆ ಅಂದೆ ಮಾರಾಯ್ತಿ ಎನ್ನಲು ಪಂಡರಿ ಬಾಯಿ ತೆರೆದ. ಆಕೆಯ ಮುಖ ನೋಡಿದ. ಮದುವೆಯಾಗಿ ಇಷ್ಟು ವರ್ಷದಲ್ಲಿ ಆಕೆ ಸೀರೆ ಕೇಳಿದವಳಲ್ಲ, ಬಂಗಾರ ಕೇಳಿದವಳಲ್ಲ. ಜಾತ್ರೆಗೆ ಹೋಗುವಾಗಲೂ ದಾರಿಯಲ್ಲಿ ಕುರಿ ಮೇಯಿಸಿಕೊಂಡು ಹೋದವಳು.

"ಹೂಂ. ಖರೇನ," ಎಂದ ಪಂಡರಿ.

ಬೈಪಾಸ್ ರಸ್ತೆಗೆ ಹೋದ ಹೊಲದ ಪರಿಹಾರ ಬ್ಯಾಂಕಿನಲ್ಲಿ ಬಿದ್ದಿತ್ತು. ಅದಕ್ಕೆ ಟ್ರ್ಯಾಕ್ಟರ್ ತರಬೇಕೆಂದು ಊರೆಲ್ಲ ತೀರ್ಮಾನ ಮಾಡಿತ್ತು. ಗಂಡ ಹೆಂಡತಿ ಮಾತ್ರ ಹುಮನಾಬಾದಿಗೆ ಹೋಗಿ, ಪಂಡರಿಯ ಅಣ್ಣನ ಮಗ ಅವಿನಾಶನ ಮುಂದೆ ಕೂತರು. ಅವಿನಾಶ ಬಸ್‌ಸ್ಟ್ಯಾಂಡಿನ ಎದುರಿಗೆ ಟೂರ್ಸ್ ಆಫೀಸು ಇಟ್ಟಿದ್ದ. ಆವರೆಗೆ ಅವನು ತುಳಜಾಪುರ, ಶಿರಡಿ ಬಿಟ್ಟು ಬೇರೆ ಕಡೆ ಯಾರನ್ನೂ ಕಳಿಸಿರಲಿಲ್ಲ.

"ಕಾಕಾ, ಸ್ಪೇನ್ ಸಮುದ್ರದ ಆಚಿ ಅದ," ಎಂದ ಅವಿನಾಶ, ಮೆಲ್ಲಗೆ, ಕೆಟ್ಟ ಸುದ್ದಿ ಹೇಳುವವನ ಹಾಗೆ.

"ಇರ್ಲಿ ಬಿಡು. ನಾವೇನ್ ನಡಕೊಂಡ ಹೋಗ್ತೀವೇನು?"

ಅವಿನಾಶ ನಾಲ್ಕು ಕಡೆ ಫೋನು ಹಚ್ಚಿದ. ಹೈದರಾಬಾದಿನಿಂದ ಒಂದು ಗುಂಪು ಹೊರಡುವುದಿತ್ತು. "ಹತ್ತು ದಿನದ ಪ್ಯಾಕೇಜ್ ಅದ ಕಾಕಾ. ಮೊದಲು ಸೈಟ್‌ಸೀಯಿಂಗ್, ಆಮ್ಯಾಲ ಹೈಕಿಂಗ್."

"ಸೈಟ್ ನೋಡಿ ಏನ್ ಮಾಡೋದೋ? ನಾವ್ ಅಲ್ಲಿ ಮನಿ ಕಟ್ಟೋದಿಲ್ಲ."

"ಆ ಸೈಟ್ ಅಲ್ಲ. ಕೋಟಿ, ಅರಮನಿ, ಚರ್ಚು ನೋಡೋದು. ಹೈಕಿಂಗ್ ಅಂದ್ರ ಗುಡ್ಡ ಹತ್ತಿ ನಡ್ಯೋದು."

"ಕುರಿ ಎಷ್ಟ ಇರ್ತಾವ?"

"ಕುರಿ ಇರೂದಿಲ್ಲ. ಸುಮ್ಕ ಮಂದಿ ನಡೀತಾರ."

ಪಂಡರಿ ದಿಗಿಲುಬಿದ್ದ. "ಕುರಿ ಇಲ್ದ ಗುಡ್ಡ ಯಾಕ ಹತ್ತಬೇಕೋ? ಕಳದ ಕುರಿ ಹುಡುಕಾಕ?"

ಮಾಣಿಕಮ್ಮ ನಕ್ಕಳು. ಸೆರಗು ಬಾಯಿಗೆ ಹಿಡಿಯುವುದನ್ನೂ ಮರೆತು, ಕುರ್ಚಿ ಅಲುಗುವಂತೆ ನಕ್ಕಳು. ಪಂಡರಿ ಹೆಂಡತಿಯನ್ನು ಪಕ್ಕದ ಊರಿನ ಹೆಂಗಸನ್ನು ನೋಡುವಂತೆ ನೋಡಿದ.

ಪಾಸ್‌ಪೋರ್ಟಿಗಾಗಿ ಬೀದರಿಗೆ ಹೋದಾಗ ಅಲ್ಲಿಯ ಸಾಹೇಬರು ಮಾಣಿಕಮ್ಮನನ್ನು ಕೇಳಿದರು, "ಹುಟ್ಟಿದ್ದು?"

"ಹುಡಗಿ ರಿ."

"ಅದು ಗೊತ್ತಾಗುತ್ತಮ್ಮ. ಊರು ಕೇಳಿದೆ."

"ಹುಡಗೀನ ರಿ. ಹುಟ್ಟಿದ್ದೂ ಹುಡಗಿ, ಕೊಟ್ಟಿದ್ದೂ ಹುಡಗಿ."

ಸಾಹೇಬರು ಕನ್ನಡಕ ತೆಗೆದು ಪಂಡರಿಯ ಕಡೆ ತಿರುಗಿದರು. "ನಿಮ್ದು?"

"ನಂದೂ ಹುಡಗಿ ರಿ," ಎಂದ ಪಂಡರಿ. ಹಿಂದೆ ನಿಂತ ಸಾಲು ಹೊಟ್ಟೆ ಹಿಡಿದುಕೊಂಡಿತು. ಕೊನೆಗೆ ಆಧಾರ್ ಕಾರ್ಡೇ ಇಬ್ಬರ ಇಜ್ಜತ್ ಉಳಿಸಿತು. "ಪೊಲೀಸರು ಮನೆಗೆ ಬಂದು ವಿಚಾರಣೆ ಮಾಡ್ತಾರೆ, ಇಬ್ರೂ ಇರಬೇಕು" ಎಂದು ಹೇಳಿ ಸಾಹೇಬರು ಅವರನ್ನು ಕಳಿಸಿದರು.

ಪೊಲೀಸರಿಗಿಂತ ಮೊದಲು ಬಳಗದವರು ಬಂದರು. ಭುವನೇಶ್ವರಿ ಎಳನೀರಿನ ಗೊಂಚಲು ಹಿಡಿದು, ಹೊಸಿಲಲ್ಲೇ ಅಳುತ್ತ ಒಳಗೆ ಬಂದಳು. ಅವಳ ಹಿಂದೆ ಇನ್ನೂ ಮೂರು ಹೆಂಗಸರು, ಮೂಸಂಬಿ, ಬಿಸ್ಕತ್ತು.

"ಅಣ್ಣಾ, ನಮಗ ಒಂದ್ ಮಾತ್ ಹೇಳಬೇಕಿತ್ತಲ್ಲಾ! ಸ್ಪೈನ್ ಅಂದ್ರ ಸಣ್ಣ ಮಾತೇನು?"

"ದೊಡ್ಡ ಮಾತ ಬಿಡವ್ವ. ನಿಮ್ಮ ವೈನಿಗೆ ಭಾಳ ಆಸಿ ಅದ, ಅದಕ್ಕ ಹೊಂಟೀವಿ."

"ಆಸಿ?" ಭುವನೇಶ್ವರಿ ಎದೆಗೆ ಕೈ ಹಚ್ಚಿದಳು. "ಎಷ್ಟ್ ದಿನ ಇಟ್ಕೋತಾರ?"

"ಹತ್ತು ದಿನ."

"ಒಬ್ಬಾಕಿನ್ನ?"

"ಇಲ್ಲ, ಮೂವತ್ತು ಮಂದಿಗೆ ಒಮ್ಮೆಲೆ. ಹೈದರಾಬಾದದಾಗ ಎಲ್ಲಾರ್ನೂ ಕೂಡಿಸ್ತಾರ."

"ಅಯ್ಯಯ್ಯೋ! ಹಿಂಡು ಹಿಂಡು ಕೊಯ್ತಾರಲ್ಲೋ ಯಪ್ಪಾ!"

ಎಲ್ಲಿ ಎಡವಿತೆಂದು ತಿಳಿಯುವಷ್ಟರಲ್ಲಿ ಎರಡು ಎಳನೀರು ಖಾಲಿಯಾಗಿದ್ದವು. ಪಂಡರಿ ನೆಲದ ಮೇಲೆ ಇದ್ದಲಿಯಿಂದ ಸಮುದ್ರ ಬರೆದ, ದೇಶ ಬರೆದ, ವಿಮಾನ ಬರೆದ. ವಿಮಾನ ಮೀನಿನ ಹಾಗೆ ಬಂತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊರಗೆ ಹೋಗುವಾಗ ಒಬ್ಬಳು ಪಿಸುಗುಟ್ಟಿದ್ದು ಪಕ್ಕದ ಮನೆಯ ಹಜಿರಾ ಬೀ ಕಿವಿಗೆ ಬಿತ್ತು: "ಪಾಪ, ಹೆಂಡ್ತಿ ಫಿಕರಿಗೆ ಗಂಡನ ತಲಿ ತಿರುಗ್ಯದ. ಪರದೇಶ ಅನ್ನಾಕತ್ತಾನ."

ಅಲ್ಲಿಂದ ಮುಂದೆ ಪ್ರಯಾಣದ ತಯಾರಿಯೆಲ್ಲ ರೋಗದ ಸಾಕ್ಷಿಯಾಯಿತು. ಅವಿನಾಶ ಮಾಣಿಕಮ್ಮನಿಗೆ ಬಿಳಿ ಬೂಟು ತಂದುಕೊಟ್ಟ. ಡಾಕ್ಟರ ಬೂಟು ಎಂದಿತು ಊರು. ಗುಡ್ಡ ಹತ್ತುವ ಕೋಲು ತಂದ. ಈಗ ಕೋಲಿಲ್ಲದೆ ಆಗುವುದಿಲ್ಲವಂತೆ ಎಂದಿತು. ಬೆನ್ನಿಗೆ ಹಾಕುವ ಚೀಲಕ್ಕೆ ಸೊಂಟದ ಪಟ್ಟಿ ಇತ್ತು. ಅದನ್ನು ಬಿಗಿದುಕೊಂಡು ಮಾಣಿಕಮ್ಮ ಸಂಜೆ ದಿಬ್ಬದ ಕಡೆ ಬಿರಬಿರನೆ ನಡೆದಾಗ, ಕಟ್ಟೆಯ ಮೇಲಿದ್ದ ಮುದುಕರು ಎದ್ದು ನಿಂತು ಕೈಮುಗಿದರು. ಗಟ್ಟಿ ಜೀವ, ಪಟ್ಟಾ ಕಟ್ಟಿಕೊಂಡೂ ನಡೆಯುತ್ತದೆ ಎಂದರು. ಅವಳ ಹಿಂದೆ ಏದುಸಿರು ಬಿಡುತ್ತ ಓಡುತ್ತಿದ್ದ ಪಂಡರಿಯನ್ನು ಯಾರೂ ವಿಚಾರಿಸಲಿಲ್ಲ.

ಗುಡ್ಡದ ಅಭ್ಯಾಸ ಆದ ಮೇಲೆ ನೋಡುವ ಅಭ್ಯಾಸವೂ ಆಗಬೇಕೆಂದು ಇಬ್ಬರೂ ಬಸವಕಲ್ಯಾಣದ ಕೋಟೆಗೆ ಹೋದರು. ಕುರಿ ಇಲ್ಲದೆ, ಕೆಲಸ ಇಲ್ಲದೆ, ಸುಮ್ಮನೆ ನೋಡುವುದಕ್ಕಾಗಿಯೇ ಇಬ್ಬರೂ ಒಟ್ಟಿಗೆ ಹೋದದ್ದು ಅದೇ ಮೊದಲು. ಮಾಣಿಕಮ್ಮ ಪ್ರತಿ ಕಮಾನಿನ ಕೆಳಗೂ ನಿಂತು ಮೇಲೆ ನೋಡಿದಳು. ಪಂಡರಿ ಮಾರ್ಗದರ್ಶಕನಾಗಿ "ಇದು ಭಾಳ ಹಳೇದು" ಎಂದ. ಮುಂದಿನ ಕಮಾನಿನ ಕೆಳಗೆ "ಇದು ಅದಕ್ಕಿಂತ ಹಳೇದು" ಎಂದ. ಮೂರನೆಯದಕ್ಕೆ ಅವನ ಇತಿಹಾಸ ಮುಗಿಯಿತು.

ಮೇಲಿನ ಬುರುಜಿಗೆ ಹತ್ತುವ ಮೆಟ್ಟಿಲ ಮೇಲೆ ಮಾಣಿಕಮ್ಮ ಕುಳಿತುಬಿಟ್ಟಳು.

"ಬೆನ್ನಾಗ ಏನೋ ಹಿಡದಂಗ ಆಗ್ಯದ್ರಿ. ಭಾಳ ದಿನ ಆತು. ರಾತ್ರಿ ಮಗ್ಗಲ ಬದಲ್ಸಾಕ ಆಗವಲ್ದು."

ಅಂದು ಬೆಳಿಗ್ಗೆಯಷ್ಟೇ ಮೋರಖಂಡಿಯಿಂದ ಯಾರೋ ಫೋನು ಮಾಡಿ ಬೆನ್ನಿನ ನಾಟಿ ವೈದ್ಯರ ವಿಳಾಸ ಕೊಟ್ಟಿದ್ದರು. ಪಂಡರಿಯ ತಾಳ್ಮೆ ಬುರುಜು ಹತ್ತಿ ಆ ಕಡೆ ಬಿತ್ತು.

"ನೀನೂ ಸುರು ಮಾಡ್ದೇನು? ಊರ ಮಂದಿ ಬೆನ್ನು ಬೆನ್ನು ಅಂದು ನನ್ನ ತಲಿ ತಿಂದ್ರು. ಅವ್ರ ಮಾತು ಕೇಳಿ ಕೇಳಿ ಈಗ ನಿನಗೂ ನೋವು ಬಂತು! ಏಳು, ಏಳು. ಇಷ್ಟಕ್ಕ ಕುಂತ್ರ ಅಲ್ಲಿ ಗುಡ್ಡ ಯಾರ್ ಹತ್ತೋರು? ಗೋವರ್ಧನ ಹತ್ತತಾನೇನು?"

ಮಾಣಿಕಮ್ಮ ಅವನನ್ನು ನೋಡಿದಳು. ಆಮೇಲೆ ನಕ್ಕಳು. "ಹೌದ್ ನೋಡ್ರಿ. ಕೇಳಿ ಕೇಳಿ ಬಂದಿರಬೇಕು," ಎಂದು ಕೋಲೂರಿ ಎದ್ದಳು. ಬುರುಜಿನ ಮೇಲೆ ನಿಂತು ಊರು ನೋಡಿದಳು. ಬೆನ್ನಿನ ಮಾತು ಆಮೇಲೆ ಎತ್ತಲಿಲ್ಲ.

ಊರವರ ಬಾಯಿ ಮುಚ್ಚಿಸಲು ಅವಿನಾಶ ಒಂದು ಉಪಾಯ ಮಾಡಿದ. ಹುಮನಾಬಾದಿನ ಚೌಕದಲ್ಲಿ ದೊಡ್ಡ ಫ್ಲೆಕ್ಸ್ ಕಟ್ಟಿಸಿದ. ಒಂದು ಕಡೆ ಪಂಡರಿ, ಇನ್ನೊಂದು ಕಡೆ ಮಾಣಿಕಮ್ಮ, ನಡುವೆ ಸ್ಪೇನಿನ ಗುರುತೆಂದು ಕೋಡಿನ ಗೂಳಿ. ಕೆಳಗೆ ದಪ್ಪ ಅಕ್ಷರದಲ್ಲಿ: ‘ದೂರದ ಪಯಣಕ್ಕೆ ಹೊರಟ ನಮ್ಮ ಪ್ರೀತಿಯ ಕಾಕಿ ಮಾಣಿಕಮ್ಮ’. ಗಾಳಿಗೆ ಫ್ಲೆಕ್ಸು ಪಂಡರಿಯ ಕಡೆಯಿಂದ ಮಡಚಿಕೊಂಡಿತು. ಬಸವಕಲ್ಯಾಣದ ಬಸ್ಸಿನಲ್ಲಿ ಕೂತವರಿಗೆ ಕಂಡದ್ದು ಮಾಣಿಕಮ್ಮನ ಫೋಟೋ, ದೂರದ ಪಯಣ, ಮತ್ತು ಯಮನ ಕೋಣ.

ಮಧ್ಯಾಹ್ನದ ಹೊತ್ತಿಗೆ ಒಂದು ಟೆಂಪೋ ತುಂಬ ಬಳಗ ಹುಡಗಿಗೆ ಬಂದಿಳಿಯಿತು. ಗೋವರ್ಧನ ಮುಂದೆ, ಕೈಯಲ್ಲಿ ಆಳೆತ್ತರದ ಹೂವಿನ ಹಾರ. "ವೈನೀ, ನಮ್ಮನ್ನ ಬಿಟ್ಟು ಹೋದ್ರೇನ್ರಿ ವೈನೀ!" ಎಂದು ಬಾಗಿಲಲ್ಲಿ ಬಿದ್ದ. ಒಳಗಿನಿಂದ ಹಿಟ್ಟಿನ ಕೈಯಲ್ಲೇ ಹೊರಗೆ ಬಂದ ಮಾಣಿಕಮ್ಮ, "ಯಾರ್ ಹೋದ್ರು?" ಎಂದಳು.

ಹೆಂಗಸರು ಇಬ್ಬರು ಚೀರಿದರು. ಗೋವರ್ಧನ ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ ಪಂಡರಿಯ ಕೊರಳಿಗೆ ಹಾಕಿದ.

ಅವಿನಾಶನೇ ಬಂದು ಫೋನಿನಲ್ಲಿ ಫ್ಲೆಕ್ಸಿನ ಪೂರ್ತಿ ಚಿತ್ರ ತೋರಿಸಿ, ವಿಮಾನ, ದೇಶ, ಗುಡ್ಡ ಎಲ್ಲ ಬಿಡಿಸಿ ಹೇಳಿದ ಮೇಲೆ ಬಳಗಕ್ಕೆ ಜ್ಞಾನೋದಯವಾಯಿತು. ಗೋವರ್ಧನ ಎಲ್ಲರಿಗಿಂತ ಮೊದಲು ಚೇತರಿಸಿಕೊಂಡು, ತನಗೆ ಒಂದು ವಾಚು ತರಲು ಹೇಳಿದ. ಮಾಣಿಕಮ್ಮ ಅಷ್ಟೂ ಜನಕ್ಕೆ ಚಹಾ ಮಾಡಿದಳು. ಅಳುವುದಕ್ಕೆಂದು ಬಂದವರು ಉಪ್ಪಿಟ್ಟು ತಿಂದು, ನಕ್ಕು, ಟೆಂಪೋ ಹತ್ತಿದರು.

ಕಪ್ಪು ತೊಳೆಯುವಾಗ ಆಕೆ ಹಜಿರಾ ಬೀಗೆ ಹೇಳಿದಳಂತೆ: "ನನ್ನ ಸಲುವಾಗಿ ಇಷ್ಟ್ ಮಂದಿ ಅಳ್ತಾರಂತ ನನಗ ಗೊತ್ತ ಇರ್ಲಿಲ್ಲ ನೋಡ್ ಆಪಾ. ಚಲೋ ಅನಸ್ತು."

ಅದಾಗಿ ಕೆಲವೇ ದಿನ. ಬೆಳಿಗ್ಗೆ ಮಾಣಿಕಮ್ಮ ಹಾಸಿಗೆಯಿಂದ ಏಳಲಿಲ್ಲ. ಏಳಲು ಮನಸ್ಸಿತ್ತು, ಕಾಲು ಕೇಳಲಿಲ್ಲ. ಹಜಿರಾ ಬೀ ಬಂದು ಕಾಲು ತಿಕ್ಕಿದಳು. ತಿಕ್ಕಿದ್ದು ಮಾಣಿಕಮ್ಮನಿಗೆ ತಿಳಿಯಲಿಲ್ಲ. ಅವಿನಾಶನ ಟೂರ್ಸ್ ಗಾಡಿಯ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಸೊಲ್ಲಾಪುರದ ದವಾಖಾನೆಗೆ ಹೋದರು.

ಅಲ್ಲಿಯ ಡಾಕ್ಟರು ಫೋಟೋ ತೆಗೆಸಿ, ಬೆಳಕಿಗೆ ಹಿಡಿದು ನೋಡಿ, ಪಂಡರಿಯನ್ನು ಕೂರಿಸಿಕೊಂಡು ಹೇಳಿದರು. ಗಡ್ಡೆ ಎದೆಯಲ್ಲಿ ಹುಟ್ಟಿದ್ದು, ಬೆನ್ನುಹುರಿಗೆ ಇಳಿದಿದೆ. ಬಹಳ ತಡವಾಗಿದೆ. "ಎಷ್ಟು ದಿನದಿಂದ ನೋವಿತ್ತು? ಹೇಳಿರಲಿಲ್ವಾ?"

ಪಂಡರಿ ಹೆಂಡತಿಯ ಕಡೆ ನೋಡಿದ. ಬಾಯಿ ತೆರೆದ. ಅವನಿಗಿಂತ ಮೊದಲು ಮಂಚದ ಮೇಲಿಂದ ಮಾಣಿಕಮ್ಮ ಅಂದಳು: "ಇಲ್ರಿ ಡಾಕ್ಟ್ರ. ಈಗ ಈಗ, ನಾಕ ದಿನದಾಗ ಬಂದದ್ದು. ಇವ್ರಿಗೆ ಗೊತ್ತಿಲ್ಲ."

ಪಂಡರಿ ಹೊರಗೆ ಬಂದು ಗೋವರ್ಧನನಿಗೆ ಫೋನು ಹಚ್ಚಿದ. ಅವನಿಗೆ ನೆನಪಾದ ಮೊದಲ ಹೆಸರು ಅದೇ.

"ಗೋವರ್ಧನಾ... ಸ್ಪೈನ್ ಅಂತೋ... ನಿಮ್ಮ ವೈನಿದು..."

ಆ ಕಡೆ ಯಾವುದೋ ಮದುವೆಯ ಬಾಜಾ ಬಾರಿಸುತ್ತಿತ್ತು. "ಸ್ಪೇನ್! ಗೊತ್ತದ ಭಾವ, ಗೊತ್ತದ! ಇವತ್ತ ಹೊಂಟ್ರೇನು? ಏರ್‌ಪೋರ್ಟಿನಾಗ ಅದೀರೇನು?"

"ಅಲ್ಲೋ... ಸ್ಪೈನ್..."

"ಹೌದ್ರೀ, ಅದ! ನಾವ್ ಈಗ ನಂಬೀವಿ! ಆರಾಮ ಹೋಗಿ ಬರ್ರಿ! ವೈನಿಗೆ ಹೇಳ್ರಿ, ಕಿಟಕಿ ಬಾಜೂಕ ಕೂಡ್ರಿ ಅಂತ!"

ಫೋನು ಕಟ್ಟಾಯಿತು. ಪಂಡರಿ ಮತ್ತೆ ಫೋನು ಹಚ್ಚಲಿಲ್ಲ. ಒಳಗೆ ಬಂದು, "ಗೋವರ್ಧನ ನಿನಗ ಕಿಟಕಿ ಬಾಜೂಕ ಕೂಡು ಅಂದಾನ," ಎಂದ. ಕಿಟಕಿ ಪಕ್ಕದ ಮಂಚ ಖಾಲಿ ಇತ್ತು. ನರ್ಸಮ್ಮನನ್ನು ಬೇಡಿಕೊಂಡು ಆಕೆಯನ್ನು ಅಲ್ಲಿಗೆ ಬದಲಿಸಿದ.

ಮಗಳು ಉಮಾದೇವಿ ಬಂದಳು. ನಿಜ ಸುದ್ದಿ ಅವಳಿಂದಲೇ ಬಳಗಕ್ಕೆ ಮುಟ್ಟಿತು. ಆದರೆ ಈ ಸಲ ಬೇಗ ಯಾರೂ ಬರಲಿಲ್ಲ. ಬೆನ್ನಿನ ಸುದ್ದಿಗೆ ಒಮ್ಮೆ ಎಳನೀರು ಒಯ್ದಿದ್ದರು, ಸಾವಿನ ಸುದ್ದಿಗೆ ಒಮ್ಮೆ ಹಾರ ಒಯ್ದಿದ್ದರು. ಮೂರನೆಯ ಸಲ ಮೋಸಹೋಗಲು ಯಾರಿಗೂ ಮನಸ್ಸಿರಲಿಲ್ಲ.

ಮಾಣಿಕಮ್ಮ ಕಿಟಕಿಯ ಆಚೆ ರಸ್ತೆ ನೋಡುತ್ತ ಮಲಗಿರುತ್ತಿದ್ದಳು. ಪಂಡರಿ ಪಕ್ಕದಲ್ಲಿ ಸ್ಟೂಲಿನ ಮೇಲೆ. ಒಂದು ಮಧ್ಯಾಹ್ನ ಅವನು ಹೇಗೋ ಧೈರ್ಯ ಮಾಡಿ, "ಮಾಣಿಕಾ, ಅವತ್ತ ಕೋಟಿ ಮ್ಯಾಲ ನಾ..." ಎಂದು ಸುರು ಮಾಡಿದ.

"ಕೋಟಿ ಭಾಳ ಚಲೋ ಇತ್ತು," ಎಂದಳು ಆಕೆ. "ಅಷ್ಟ ಮ್ಯಾಲಿಂದ ನಾ ಊರ ನೋಡಿರ್ಲಿಲ್ಲ. ನೀವ್ ಏಳು ಅಂದಿದ್ಕ ಎದ್ದೆ. ಇಲ್ಲಾಂದ್ರ ಅಲ್ಲೇ ಕುಂತ ವಾಪಸ್ ಬರ್ತಿದ್ದೆ."

ಮತ್ತೆ ಅಂದಳು: "ಹೆಂಗೂ ಅಲ್ಲಿ ಊಟ ನಿಮಗ ಸೇರ್ತಿರ್ಲಿಲ್ಲ. ರೊಟ್ಟಿ ಇಲ್ದ ಹತ್ತು ದಿನ ನಿಮ್ಮ ಸಿಟ್ಟು ಯಾರ್ ತಡೀಬೇಕಿತ್ತು?"

ಆ ವಾರ ಮುಗಿಯುವ ಮೊದಲೇ ಆಕೆ ಹೋದಳು. ಮಣ್ಣಿಗೆ ಬಂದವರಲ್ಲಿ ಗೋವರ್ಧನ ಇದ್ದ. ಗೋಡೆಗೆ ಒರಗಿ ಕುಳಿತವನು ಸಂಜೆಯವರೆಗೆ ಒಂದು ಮಾತೂ ಆಡಲಿಲ್ಲ. ಅವನು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನೋಡಿದವರು ಬಳಗದಲ್ಲಿ ಯಾರೂ ಇರಲಿಲ್ಲ.

ಒಂದೂವರೆ ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಬಾಗಿಲ ಮುಂದೆ ಮೋಟರ್‌ಸೈಕಲ್ ನಿಂತಿತು. ಪೊಲೀಸ್ ವೀರಭದ್ರಪ್ಪ. ಕೈಯಲ್ಲಿ ಎರಡು ಅರ್ಜಿ.

"ಹಿಂದ ಒಮ್ಮೆ ಬಂದಿದ್ದೆ, ಮನಿಗೆ ಕೀಲಿ ಇತ್ತು. ಪಾಸ್‌ಪೋರ್ಟ್ ವಿಚಾರಣಾ. ಮಾಣಿಕಮ್ಮ ಗಂಡ ಪಂಡರಿ, ಇದ್ದಾರೇನ್ರಿ? ಕರೀರಿ."

ಪಂಡರಿ ಅಭ್ಯಾಸಬಲದಿಂದ ಅಡುಗೆಮನೆಯ ಕಡೆ ತಿರುಗಿದ. ಹಾಗೆಯೇ ನಿಂತ.

ಪಕ್ಕದ ಮನೆಯಿಂದ ಹಜಿರಾ ಬೀ ಬಂದಳು. "ಸಾಹೇಬ್, ಆಕಿ ಗುಜರ್ ಗಯಿ," ಎಂದಳು. "ತೀರಕೊಂಡಾಳ್ರಿ."

ವೀರಭದ್ರಪ್ಪ ಟೋಪಿ ತೆಗೆದ. ಒಂದು ಅರ್ಜಿಯನ್ನು ಮಡಚಿ ಕಿಸೆಗೆ ಹಾಕಿಕೊಳ್ಳಲು ನೋಡಿದ. "ಹಂಗಿದ್ರ ಇದು ಬಂದ್ ಆಗ್ತದ್ರಿ. ವಿಚಾರಣಾ ಬೇಕಿಲ್ಲ."

"ಮಾಡ್ರಿ ಸಾಹೇಬ್ರ," ಎಂದ ಪಂಡರಿ.

"ಏನ್ರಿ?"

"ವಿಚಾರಣಾ. ಅದಕ್ಕಂತ ಎರಡ ಸಲ ಬಂದೀರಿ. ಏನ್ ಕೇಳಬೇಕಿತ್ತೋ ಕೇಳ್ರಿ."

ವೀರಭದ್ರಪ್ಪ ಹಜಿರಾ ಬೀ ಕಡೆ ನೋಡಿದ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ತಲೆಯಾಡಿಸಿದಳು. ಅವನು ಕಟ್ಟೆಯ ಮೇಲೆ ಕುಳಿತು ಅರ್ಜಿ ಬಿಚ್ಚಿದ, ಪೆನ್ನು ತೆಗೆದ, ಗಂಟಲು ಸರಿಮಾಡಿಕೊಂಡು ಸರಕಾರಿ ದನಿಯಲ್ಲಿ ಕೇಳಿದ.

"ಮಾಣಿಕಮ್ಮ ಇದ ಊರಿನಾಕಿ ಏನ್ರಿ?"

"ಹೌದ್ರಿ. ಹುಟ್ಟಿದ್ದೂ ಇಲ್ಲೇ."

"ಆಕಿ ಮ್ಯಾಲ ಕೇಸು, ತಕರಾರು?"

"ಒಂದೂ ಇಲ್ರಿ."

"ನಡತಿ ಹ್ಯಾಂಗಿತ್ತು?"

ನಡತೆ ಎಂದರೆ ಗುಣ, ಸ್ವಭಾವ ಎಂದು ಪಂಡರಿಗೆ ಗೊತ್ತಿರಲಿಲ್ಲ ಎಂದಲ್ಲ. ಆದರೆ ಆ ಮಾತು ಕಿವಿಯಿಂದ ಬಾಯಿಗೆ ಬರುವಾಗ ತನ್ನ ಹಳೆಯ ಅಡ್ಡದಾರಿಯನ್ನೇ ಹಿಡಿಯಿತು.

"ಭಾಳ ಚಲೋ ನಡೀತಿದ್ಲ್ರಿ," ಎಂದ. "ನನಗ ಒಂದಿನಾನೂ ಹಿಂದ ಹಾಕ್ಲಾಕ ಆಗ್ಲಿಲ್ಲ. ಬಿಸಲಾಗಲಿ, ಗುಡ್ಡಾಗಲಿ, ಆಕಿ ಮುಂದ, ನಾ ಹಿಂದ. ಒಮ್ಮೆ ಮಾತ್ರ ಕುಂತ್ಲು. ಅದೂ ಬ್ಯಾನಿಗೆ ಕುಂತ್ಲು. ನಾ ಏಳು ಅಂದೆ. ಎದ್ಲು ಸಾಹೇಬ್ರ. ಎದ್ದು ನಡದ್ಲು."

ಹಜಿರಾ ಬೀ ಅತ್ತ ತಿರುಗಿ ನಿಂತಳು. ವೀರಭದ್ರಪ್ಪ ಬಂದ್ ಆಗಬೇಕಾಗಿದ್ದ ಆ ಅರ್ಜಿಯ ಮೇಲೆ, ನಡತೆಯ ಮುಂದಿನ ಖಾಲಿ ಜಾಗದಲ್ಲಿ, ಬಿಡಿಸಿ ಬಿಡಿಸಿ, ಎಲ್ಲರಿಗೂ ಓದಲು ಬರುವ ಹಾಗೆ ಬರೆದ: ‘ಅತ್ಯುತ್ತಮ’.